ಹಳೇ ಟ್ರ್ಯಾಕ್ಟರ್‌ಗೆ ಹಳೇ ಲೋಡರ್: ಯಾವುದು ಕೂರುತ್ತದೆ, ಯಾವುದು ಮುರಿಯುತ್ತದೆ

ಪ್ರಶ್ನೆ: ನನ್ನ ಹತ್ತಿರ ಮ್ಯಾಸ್ಸಿ ಫರ್ಗ್ಯುಸನ್ 135 ಇದೆ. ಟೂ ವೀಲ್ ಡ್ರೈವ್, ಪವರ್ ಸ್ಟೀರಿಂಗ್ ಇಲ್ಲ, ಎಂಜಿನ್ ಚೆನ್ನಾಗಿದೆ. ಗೊಬ್ಬರ, ಮಣ್ಣು, ಆಗಾಗ ಮರಳು ಎತ್ತಿ ಹಾಕುವುದಕ್ಕೆ ಮುಂದೆ ಒಂದು ಲೋಡರ್ ಕೂರಿಸಬೇಕು ಅಂತಿದ್ದೇನೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಸಿಕ್ಕಿವೆ. ಒಂದು ದೊಡ್ಡದು, ಒಂದು ಟನ್ ಎತ್ತುತ್ತದಂತೆ, ಬಕೆಟ್ ಹೈಡ್ರಾಲಿಕ್‌ನಲ್ಲೇ ಮಗುಚುತ್ತದೆ, ಹೊಸದಾಗಿ ಬಣ್ಣ ಹೊಡೆದಿದ್ದಾರೆ. ಆದರೆ ಟ್ರ್ಯಾಕ್ಟರ್‌ಗೆ ಕೂರಿಸುವ ಬ್ರಾಕೆಟ್ ಇಲ್ಲ, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಳ್ಳಿ ಅಂತಾರೆ. ಇನ್ನೊಂದು ಚಿಕ್ಕದು, ತುಂಬಾ ಹಳೇದು, ಬಕೆಟ್ ಮಗುಚಲು ಹಗ್ಗ ಎಳೆಯಬೇಕು. ಆದರೆ ಇನ್ನೊಂದು 135ರಿಂದಲೇ ಬಿಚ್ಚಿದ್ದು, ಎಲ್ಲ ಸಾಮಾನೂ ಜೊತೆಗಿದೆ. ಯಾವುದು ತಗೊಳ್ಳಲಿ?

ಉತ್ತರ: ಚಿಕ್ಕದು. ಅದನ್ನೂ ಪಿನ್ನು, ವೆಲ್ಡಿಂಗು ಎಲ್ಲ ಕಣ್ಣಾರೆ ನೋಡಿದ ಮೇಲೆ.

ದೊಡ್ಡದರ ಮೇಲೆ ಆಸೆ ಹುಟ್ಟುವುದು ಸಹಜ, ಒಂದು ಟನ್ ಅನ್ನುವ ಮಾತೇ ಹಾಗೆ. ಲೋಡರ್ ಒಂದು ಟನ್ ಎತ್ತಬಹುದು, ಇರಲಿ. ಅದನ್ನು ಹೊತ್ತು ನಿಲ್ಲಬೇಕಾದ್ದು ನಿಮ್ಮ ಟ್ರ್ಯಾಕ್ಟರ್‌ನ ಮುಂದಿನ ಆಕ್ಸಲ್ ಅಲ್ವಾ? ಅದು ಒಂದು ಟನ್ ಹೊರುವುದಕ್ಕೆ ಹುಟ್ಟಿದ್ದಲ್ಲ. ನೇಗಿಲು, ಕಲ್ಟಿವೇಟರ್ ಹಿಂದೆ ಕಟ್ಟಿಕೊಂಡು ಎಳೆಯುವಾಗ ಭಾರವೆಲ್ಲ ಹಿಂದಿನ ಚಕ್ರಕ್ಕೆ ಬೀಳುತ್ತದೆ, ಮುಂದಿನ ಆಕ್ಸಲ್ ಬರೀ ದಾರಿ ತೋರಿಸಿಕೊಂಡು ಹೋಗುತ್ತದೆ. 1960ರ ದಶಕದಲ್ಲಿ ಈ ಟ್ರ್ಯಾಕ್ಟರ್ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಮುಖ್ಯವಾಗಿ ಆ ಕೆಲಸ.

ಒಂದು ಲೆಕ್ಕ ಹಾಕಿ ನೋಡೋಣ. ನಿಮ್ಮ ಟ್ರ್ಯಾಕ್ಟರ್‌ನ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 2 ಮೀಟರ್‌ಗಿಂತ ಸ್ವಲ್ಪ ಕಮ್ಮಿ, ಲೆಕ್ಕ ಸುಲಭ ಆಗಲಿ ಅಂತ 2 ಅಂತಲೇ ಇಟ್ಟುಕೊಳ್ಳಿ. ಬಕೆಟ್ಟಿನ ಭಾರ ಮುಂದಿನ ಆಕ್ಸಲ್‌ಗಿಂತ ಒಂದೂವರೆ ಮೀಟರ್ ಮುಂದೆ ಇದೆ ಅಂದುಕೊಳ್ಳಿ. ಬಕೆಟ್ಟಿನಲ್ಲಿ 500 ಕೆಜಿ ಹಾಕಿದರೆ ಮುಂದಿನ ಆಕ್ಸಲ್ ಮೇಲೆ ಬೀಳುವುದು 500 ಅಲ್ಲ, 875 ಕೆಜಿ. ಜಾಸ್ತಿಯಾದ ಆ 375 ಕೆಜಿ ಎಲ್ಲಿಂದ ಬಂತು ಅಂದರೆ ಹಿಂದಿನ ಚಕ್ರದಿಂದ. ಬಕೆಟ್ ತೂಕಕ್ಕೆ ಟ್ರ್ಯಾಕ್ಟರ್ ತಕ್ಕಡಿಯ ಹಾಗೆ ಮುಂದಕ್ಕೆ ವಾಲುತ್ತದೆ, ಹಿಂದೆ ಅಷ್ಟು ಹಗುರವಾಗುತ್ತದೆ. ಹಿಂದೆ ಹಗುರ ಅಂದರೆ ಬ್ರೇಕು ಹಿಡಿಯುವುದಿಲ್ಲ, ಯಾಕೆಂದರೆ ಬ್ರೇಕ್ ಇರುವುದೇ ಹಿಂದಿನ ಚಕ್ರಕ್ಕೆ ಮಾತ್ರ. ಇದರ ಮೇಲೆ ಲೋಡರ್‌ನ ಸ್ವಂತ ತೂಕ ಬೇರೆ. ದೊಡ್ಡ ಲೋಡರ್ ಆದರೆ ಖಾಲಿ ಬಕೆಟ್ ಇದ್ದಾಗಲೇ ನಿಮ್ಮ ಆಕ್ಸಲ್‌ನ ಅರ್ಧ ಶಕ್ತಿ ತಿಂದು ಕೂತಿರುತ್ತದೆ.

ಬಕೆಟ್ಟಿನ ಅಳತೆಯೂ ಮೋಸ ಮಾಡುತ್ತದೆ. 0.3 ಘನ ಮೀಟರ್ ಬಕೆಟ್ ನೋಡಲು ಪುಟ್ಟದು. ಒಣಗಿದ ಗೊಬ್ಬರ ತುಂಬಿದರೆ ಹಗುರವೇ. ಅದೇ ಬಕೆಟ್ಟಿಗೆ ಒದ್ದೆ ಮರಳು ತುಂಬಿ, ಸುಮಾರು 600 ಕೆಜಿ ಆಗುತ್ತದೆ. ನಿಮ್ಮ ಟ್ರ್ಯಾಕ್ಟರ್‌ಗೆ ಅಗಲವಾದ ಬಕೆಟ್ ಬೇಕಿಲ್ಲ, ಮರಳಿಗಂತೂ ಅರ್ಧ ಬಕೆಟ್ ಸಾಕು. ಮಾರುವವರು ಹೇಳುವ ‘ಎತ್ತುವ ಶಕ್ತಿ’ಯನ್ನೂ ಒಮ್ಮೆ ಕೆದಕಿ ನೋಡಿ. ಎಷ್ಟೋ ಸಲ ಅದು ತೋಳಿನ ತುದಿಯ ಪಿನ್ ಹತ್ತಿರ ಅಳೆದ ಅಂಕಿ. ಸರಕು ಇರುವುದು ಪಿನ್ನಿಗಿಂತ ಅರ್ಧ, ಮುಕ್ಕಾಲು ಮೀಟರ್ ಮುಂದೆ, ಅಲ್ಲಿ ಆ ಶಕ್ತಿ ಇರುವುದಿಲ್ಲ.

ಈಗ ಬ್ರಾಕೆಟ್ ವಿಷಯ. ದೊಡ್ಡ ಲೋಡರ್ ಬೇಡ ಅನ್ನುವುದಕ್ಕೆ ನನಗೆ ಇದೊಂದೇ ಕಾರಣ ಸಾಕು.

ಲಾರಿಗೆ ಇರುವ ಹಾಗೆ ನಿಮ್ಮ ಟ್ರ್ಯಾಕ್ಟರ್‌ಗೆ ಕೆಳಗೆ ಚಾಸಿ ಇಲ್ಲ. 1917ರಲ್ಲಿ ಬಂದ ಫೋರ್ಡ್‌ಸನ್ ಎಫ್ ಕಾಲದಿಂದ ಬಹಳಷ್ಟು ಟ್ರ್ಯಾಕ್ಟರ್‌ಗಳು ಹೀಗೇ: ಎಂಜಿನ್ನು, ಕ್ಲಚ್ ಹೌಸಿಂಗು, ಗೇರ್ ಬಾಕ್ಸು, ಹಿಂದಿನ ಆಕ್ಸಲ್ ಎಲ್ಲವನ್ನೂ ಒಂದಕ್ಕೊಂದು ಬೋಲ್ಟ್ ಹಾಕಿ ಕಟ್ಟಿದರೆ ಅದೇ ಬೆನ್ನುಮೂಳೆ. ಮುಂದಿನ ಆಕ್ಸಲ್ ನೇತಾಡುವುದು ಎಂಜಿನ್ನಿನ ಮೂತಿಗೆ. ಮುಂದೆ ಭಾರ ಎತ್ತಿದಾಗ, ಗುಡ್ಡೆಗೆ ಬಕೆಟ್ ಗುದ್ದಿದಾಗ, ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಜಾಗವನ್ನು ಯಾರೋ ಮಂಡಿಗೆ ಕೊಟ್ಟು ಕೋಲು ಮುರಿಯುವ ಹಾಗೆ ಬಾಗಿಸಲು ನೋಡುತ್ತದೆ. ಎರಕದ ಕಬ್ಬಿಣ ಬಾಗುವ ಜಾತಿಯದಲ್ಲ, ಒಂದು ದಿನ ಸೀಳುತ್ತದೆ. ಅದಕ್ಕೇ ಒಳ್ಳೆಯ ಲೋಡರ್‌ಗಳಲ್ಲಿ ಎರಡೂ ಪಕ್ಕ ಉದ್ದನೆಯ ಸಬ್‌ಫ್ರೇಮ್ ಇರುತ್ತದೆ: ಮುಂದೆ ಆಕ್ಸಲ್ ಬ್ರಾಕೆಟ್ಟಿಗೆ ಒಂದು ಕಡೆ, ನಡುವೆ ಕ್ಲಚ್ ಹೌಸಿಂಗ್ ಹತ್ತಿರ ಒಂದು ಕಡೆ, ಕೊನೆಗೆ ಹಿಂದಿನ ಆಕ್ಸಲ್‌ಗೆ ಒಂದು ಕಡೆ ಹಿಡಿದುಕೊಂಡು, ಆ ಬಾಗುವ ಬಲವನ್ನು ತಾನು ತಗೊಳ್ಳುತ್ತದೆ.

ನಾನು ಇದನ್ನು ಕಲಿತದ್ದು ಪುಸ್ತಕದಿಂದ ಅಲ್ಲ. ಮೊದಲ ಲೋಡರ್ ಕೂರಿಸಿದಾಗ ನನ್ನದರಲ್ಲಿ ಸಬ್‌ಫ್ರೇಮಿನಿಂದ ಹಿಂದಿನ ಆಕ್ಸಲ್‌ವರೆಗೆ ಹೋಗುವ ಕಾಲುಗಳು ಕಳೆದುಹೋಗಿದ್ದವು, ಇಲ್ಲದಿದ್ದರೂ ನಡೆಯುತ್ತದೆ ಅಂತ ಮಾರಿದವರು ಹೇಳಿದರು, ನಾನೂ ತಲೆ ಆಡಿಸಿದೆ. ಕೆಲವು ತಿಂಗಳ ನಂತರ ಎಂಜಿನ್-ಗೇರ್ ಬಾಕ್ಸ್ ಸೇರುವ ಗೆರೆಯಲ್ಲಿ ಧೂಳು ಒದ್ದೆಯಾಗಿ ಅಂಟಿಕೊಂಡಿರುವುದು ಕಾಣಿಸಿತು. ಒರೆಸಿದೆ. ಮಾರನೇ ದಿನ ಮತ್ತೆ ಅದೇ ಕಪ್ಪು ಪಟ್ಟಿ. ಸ್ಪ್ಯಾನರ್ ಇಟ್ಟು ನೋಡಿದರೆ ಕೆಳಗಿನ ಎರಡು ಬೋಲ್ಟು ಕೈಯಲ್ಲೇ ತಿರುಗುವಷ್ಟು ಸಡಿಲ. ಪುಣ್ಯಕ್ಕೆ ಹೌಸಿಂಗ್ ಸೀಳಿರಲಿಲ್ಲ.

ಆದ್ದರಿಂದ ಚಿಕ್ಕ ಲೋಡರ್ ನೋಡಲು ಹೋದಾಗ ಮೊದಲು ಕೇಳಬೇಕಾದ್ದು ಹಿಂದಿನ ಕಾಲುಗಳು ಎಲ್ಲಿ ಅಂತ. ಇನ್ನೊಂದು 135ರಿಂದ ಬಿಚ್ಚಿದ್ದು ಅಂದಿದ್ದೀರಿ, ಒಳ್ಳೆಯದು, ಆದರೂ ನಿಮ್ಮ ಟ್ರ್ಯಾಕ್ಟರ್‌ನ ಬೋಲ್ಟ್ ತೂತುಗಳನ್ನು ಅಳೆದುಕೊಂಡು ಹೋಗಿ. ನೇರ ಆಕ್ಸಲ್ ಇರುವ 135 ಬೇರೆ, ಹಿಂದಕ್ಕೆ ಬಾಗಿದ ಆಕ್ಸಲ್ ಇರುವುದು ಬೇರೆ. ಬಾಗಿದ ಆಕ್ಸಲ್‌ನಲ್ಲಿ ಚಕ್ರ ಹಿಂದೆ ಬಂದಿರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಯರ್ ಲೋಡರ್ ಫ್ರೇಮಿಗೆ ಉಜ್ಜುತ್ತದಾ ಅಂತ ನೋಡಬೇಕು. ಬರೀ ಸಮತಟ್ಟು ನೆಲದಲ್ಲಿ ನೋಡಿದರೆ ಸಾಲದು, ಒಂದು ಮುಂದಿನ ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ ತಿರುಗಿಸಿ ನೋಡಿ, ಆಕ್ಸಲ್ ನಡುವಿನ ಪಿನ್ ಮೇಲೆ ತೂಗುವುದರಿಂದ ಆಗ ಟಯರ್ ಬೇರೆಯೇ ಜಾಗಕ್ಕೆ ಬರುತ್ತದೆ.

ವೆಲ್ಡಿಂಗ್ ಅಂಗಡಿಯಲ್ಲಿ ಬ್ರಾಕೆಟ್ ಮಾಡಿಸುವುದು ಆಗದ ಕೆಲಸ ಅಂತಲ್ಲ. ಅದೇ ಮಾದರಿಯ ಅಸಲಿ ಬ್ರಾಕೆಟ್ ಎದುರಿಗಿಟ್ಟುಕೊಂಡು ನಕಲು ಮಾಡಿಸಿದರೆ ಚೆನ್ನಾಗಿಯೇ ಬರುತ್ತದೆ. ಅಂದಾಜಿನಲ್ಲಿ ಮಾಡಿಸಿದರೆ ಕಷ್ಟ. ತೋಳಿನ ಪಿನ್ 10 ಸೆಂಟಿಮೀಟರ್ ಮೇಲೆ ಹೋದರೆ ಬಕೆಟ್ ನೆಲಕ್ಕೆ ಸರಿಯಾಗಿ ಮುಟ್ಟುವುದಿಲ್ಲ, ಮುಂದೆ ಹೋದರೆ ಮೇಲಿನ ಲೆಕ್ಕದ ಒಂದೂವರೆ ಮೀಟರ್ ಇನ್ನೂ ಉದ್ದವಾಗುತ್ತದೆ, ಹಿಂದೆ ಬಂದರೆ ಬಾನೆಟ್ ತೆಗೆಯಲಾಗುವುದಿಲ್ಲ, ಆಯಿಲ್ ಫಿಲ್ಟರ್ ಬಿಚ್ಚಲು ಲೋಡರ್ ಬಿಚ್ಚಬೇಕು. ಇನ್ನೊಂದು ಮಾತು, ಯಾರು ಎಷ್ಟೇ ಧೈರ್ಯ ಹೇಳಿದರೂ ಎರಕದ ಹೌಸಿಂಗ್ ಮೇಲೆ ವೆಲ್ಡಿಂಗ್ ಹಾಕಿಸಬೇಡಿ. ಇರುವ ಬೋಲ್ಟ್ ತೂತುಗಳನ್ನೇ ಬಳಸಬೇಕು, ಹಿಂದಿನ ಆಕ್ಸಲ್‌ಗೆ ಪ್ಲೇಟು, ಯು ಬೋಲ್ಟಿನಲ್ಲಿ ಬಿಗಿಯಬೇಕು.

ಮತ್ತೆ ಮುಂದಿನ ಆಕ್ಸಲ್‌ಗೆ ಬರೋಣ. ಲೋಡರ್ ನೋಡಲು ಹೋಗುವ ಮೊದಲು ಮನೆಯಲ್ಲೇ ಜಾಕ್ ಕೊಟ್ಟು ಮುಂದಿನ ಚಕ್ರ ಎತ್ತಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ಬೇರಿಂಗ್ ಅಥವಾ ಸ್ಪಿಂಡಲ್ ಬುಶ್ (ಪಿನ್ನು ಕೂರುವ ಲೋಹದ ಬಳೆ) ಹೋಗಿದೆ. ನಡುವಿನ ಪಿನ್ ಹತ್ತಿರ ಹಾರೆ ಕೊಟ್ಟು ಮೀಟಿ, ಅಲ್ಲಿ ಆಟ ಎಷ್ಟಿದೆ ನೋಡಿ. ಇವು ಸವೆದಿದ್ದರೆ ಮೊದಲು ಆ ರಿಪೇರಿ, ಆಮೇಲೆ ಲೋಡರ್. ಅಗಲ ಹೆಚ್ಚು ಕಮ್ಮಿ ಮಾಡುವ ಆಕ್ಸಲ್ ಆದರೆ ತೀರಾ ಹೊರಗೆ ಎಳೆದು ಇಡಬೇಡಿ, ಹೊರಗೆ ಹೋದಷ್ಟೂ ಆಕ್ಸಲ್ ಮೇಲೆ ಮೀಟುವ ಬಲ ಹೆಚ್ಚು. ಟಯರ್ 6.00-16 ಇರಬಹುದು, ಪಕ್ಕದಲ್ಲಿ ಬರೆದ ಪ್ಲೈ ರೇಟಿಂಗ್, ಅಂದರೆ ಟಯರ್ ಎಷ್ಟು ಗಟ್ಟಿ ಅನ್ನುವ ಅಂಕಿ, ಓದಿ. 6 ಪ್ಲೈ ಇದ್ದರೆ ಬದಲಾಯಿಸುವಾಗ 8 ಪ್ಲೈ ಹಾಕಿಸಿ, ಗಾಳಿಯನ್ನು ಟಯರ್ ಕಂಪನಿ ಹೇಳಿದಷ್ಟು ತುಂಬಿಸಿ.

ಹಿಂದೆ ತೂಕ ಕಟ್ಟದೆ ಲೋಡರ್ ಓಡಿಸಬೇಡಿ. ಎಷ್ಟೋ ಜನ ಹಿಂದಿನ ಟಯರಿಗೆ ನೀರು ತುಂಬಿಸಿ ಸಾಕು ಅಂದುಕೊಳ್ಳುತ್ತಾರೆ. ನೀರು ತುಂಬಿಸಿದರೆ ಹಿಂದಿನ ಚಕ್ರಕ್ಕೆ ಹಿಡಿತ ಬರುತ್ತದೆ, ನಿಜ. ಆದರೆ ಆ ತೂಕ ಆಕ್ಸಲ್ ಮೇಲೇ ಕೂತಿರುವುದರಿಂದ ಮುಂದಿನ ಆಕ್ಸಲ್‌ಗೆ ಒಂದು ಗ್ರಾಂ ಕೂಡ ಹಗುರ ಆಗುವುದಿಲ್ಲ. ಮುಂದೆ ಹಗುರ ಆಗಬೇಕಾದರೆ ತೂಕ ಹಿಂದಿನ ಆಕ್ಸಲ್‌ಗಿಂತ ಹಿಂದೆ ಇರಬೇಕು. ಹಿಂದೆ ಉಪಕರಣ ಕಟ್ಟುವ ಮೂರು ಪಾಯಿಂಟ್ ಲಿಂಕೇಜಿಗೆ 400 ಕೆಜಿಯ ಕಾಂಕ್ರೀಟ್ ಪೆಟ್ಟಿಗೆ, ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ, ನೇತು ಹಾಕಿದಿರಿ ಅಂತಿಟ್ಟುಕೊಳ್ಳಿ: ಹಿಂದಿನ ಚಕ್ರಕ್ಕೆ 600 ಕೆಜಿ ಸೇರುತ್ತದೆ, ಮುಂದಿನ ಆಕ್ಸಲ್‌ನಿಂದ 200 ಕೆಜಿ ಇಳಿಯುತ್ತದೆ. ಪೆಟ್ಟಿಗೆ ಬೇಡ ಅಂದರೆ ಭಾರದ ಯಾವುದಾದರೂ ಉಪಕರಣ ಹಿಂದೆ ಕಟ್ಟಿಕೊಂಡರೂ ಆಯಿತು.

ಪವರ್ ಸ್ಟೀರಿಂಗ್ ಇಲ್ಲದಿರುವುದು ನಿಮಗೆ ಮೊದಲ ದಿನವೇ ತೋಳಿಗೆ ಗೊತ್ತಾಗುತ್ತದೆ. ತುಂಬಿದ ಬಕೆಟ್ ಇದ್ದಾಗ ನಿಂತ ಜಾಗದಲ್ಲಿ ಸ್ಟೀರಿಂಗ್ ತಿರುಗಿಸಲು ಹೋಗಬೇಡಿ, ಸ್ಟೀರಿಂಗ್ ಬಾಕ್ಸ್ ಒಳಗಿನ ಸಾಮಾನು ಸವೆಯುವುದೇ ಹಾಗೆ. ಚಕ್ರ ಸ್ವಲ್ಪ ಉರುಳುತ್ತಿರುವಾಗ ತಿರುಗಿಸಿ. ಗಾಡಿ ಹಳ್ಳಕ್ಕೆ ಇಳಿದಾಗ ಸ್ಟೀರಿಂಗ್ ಚಕ್ರ ಒದೆಯುತ್ತದೆ, ಹೆಬ್ಬೆರಳನ್ನು ಒಳಗೆ ಸುತ್ತಿ ಹಿಡಿಯಬೇಡಿ. ಕ್ಲಚ್ಚೂ ಬೇಗ ಸವೆಯುತ್ತದೆ, ಲೋಡರ್ ಕೆಲಸ ಅಂದರೆ ಮುಂದೆ, ಹಿಂದೆ, ಮುಂದೆ, ಹಿಂದೆ, ದಿನವಿಡೀ ಕಾಲು ಕ್ಲಚ್ ಮೇಲೇ.

ಹೈಡ್ರಾಲಿಕ್ ಕಡೆ ನೋಡಿದರೆ ಚಿಕ್ಕ ಲೋಡರ್ ಪರ ವಾದ ಇನ್ನೂ ಗಟ್ಟಿಯಾಗುತ್ತದೆ. 135ರ ಹೈಡ್ರಾಲಿಕ್ ಪಂಪ್ ಇರುವುದು ಹಿಂದೆ, ಸೀಟಿನ ಕೆಳಗೆ, ಗೇರ್ ಎಣ್ಣೆಯಲ್ಲೇ ಮುಳುಗಿಕೊಂಡು. ನಾಲ್ಕು ಪಿಸ್ಟನ್ನಿನ ಪಂಪು, ಒತ್ತಡ ಚೆನ್ನಾಗಿ ಕೊಡುತ್ತದೆ, ಎಣ್ಣೆ ಕಮ್ಮಿ ಕೊಡುತ್ತದೆ. ಇದರ ಅರ್ಥ ಏನೆಂದರೆ ಭಾರ ಎತ್ತುತ್ತದೆ, ನಿಧಾನವಾಗಿ ಎತ್ತುತ್ತದೆ. 60 ಮಿಲಿಮೀಟರ್ ಬೋರ್ (ಒಳ ವ್ಯಾಸ), ಅರ್ಧ ಮೀಟರ್ ಸ್ಟ್ರೋಕ್ (ರಾಡ್ ಚಲಿಸುವ ಉದ್ದ) ಇರುವ ಎರಡು ಸಿಲಿಂಡರ್ ತುಂಬಲು ಸುಮಾರು 2.8 ಲೀಟರ್ ಎಣ್ಣೆ ಬೇಕು. ಪಂಪ್ ನಿಮಿಷಕ್ಕೆ 15 ಲೀಟರ್ ಕೊಟ್ಟರೆ ಲೋಡರ್ ಪೂರ್ತಿ ಮೇಲೇರಲು 11 ಸೆಕೆಂಡ್. ಇದು ನಡೆಯುತ್ತದೆ. ದೊಡ್ಡ ಲೋಡರ್‌ಗೆ 80 ಮಿಲಿಮೀಟರ್ ಬೋರ್, ಇನ್ನೂ ಉದ್ದದ ಸ್ಟ್ರೋಕ್ ಇದ್ದರೆ ಅದೇ ಪಂಪಿಗೆ ಎರಡರಷ್ಟು ಸಮಯ ಹಿಡಿಯುತ್ತದೆ, ನೀವು ಲಿವರ್ ಹಿಡಿದುಕೊಂಡು ಆಕಳಿಸುತ್ತಾ ಕೂರಬೇಕು. ಬೇಗ ಏರಲಿ ಅಂದರೆ ಎಂಜಿನ್ ಮುಂದೆ ಕ್ರ್ಯಾಂಕ್ ಪುಲ್ಲಿಗೆ ಬೇರೆ ಪಂಪ್ ಹಾಕಬೇಕು, ಅದಕ್ಕೆ ಬೇರೆ ಟ್ಯಾಂಕ್ ಬೇಕು. ಕೆಲವು ಹಳೇ ಲೋಡರ್‌ಗಳಲ್ಲಿ ಫ್ರೇಮಿನ ಪೊಳ್ಳು ಕಂಬಗಳೇ ಟ್ಯಾಂಕು. ನಿಮ್ಮ ಚಿಕ್ಕ ಲೋಡರ್ ಹಾಗೆ ಇದ್ದರೆ ಕಂಬದ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿ, ತುಕ್ಕು, ನೀರು ಇರುತ್ತದೆ.

ಟ್ರ್ಯಾಕ್ಟರ್‌ನ ಪಂಪಿನಿಂದಲೇ ಎಣ್ಣೆ ತಗೊಳ್ಳುವುದಾದರೆ ಎರಡು ವಿಷಯ ಮುಖ್ಯ. ಒಂದು, ಕ್ಲಚ್ ಪೂರ್ತಿ ಒತ್ತಿದರೆ ಈ ಪಂಪ್ ನಿಲ್ಲುತ್ತದೆ, ಲೋಡರ್ ಅರ್ಧದಲ್ಲೇ ನಿಂತುಬಿಡುತ್ತದೆ. ನಿಮ್ಮದು ಡ್ಯುಯಲ್ ಕ್ಲಚ್ ಆದರೆ ಪೆಡಲನ್ನು ಅರ್ಧ ಒತ್ತಿದಾಗ ಚಕ್ರ ನಿಲ್ಲುತ್ತದೆ, ಪಂಪ್ ತಿರುಗುತ್ತಲೇ ಇರುತ್ತದೆ, ಆ ಅರ್ಧ ಎಲ್ಲಿ ಅಂತ ಕಾಲಿಗೆ ಅಭ್ಯಾಸ ಆಗಬೇಕು ಅಷ್ಟೇ. ಸಿಂಗಲ್ ಕ್ಲಚ್ ಆದರೆ ಬೇರೆ ಪಂಪ್ ಬಗ್ಗೆ ಈಗಲೇ ಯೋಚಿಸಿ. ಎರಡು, ಲೋಡರ್ ಸಿಲಿಂಡರ್‌ನಲ್ಲಿರುವ ಹಳೇ ಕೊಳಕು ಎಣ್ಣೆ ಸೀದಾ ನಿಮ್ಮ ಗೇರ್ ಬಾಕ್ಸಿಗೆ ಬರುತ್ತದೆ. ಜೋಡಿಸುವ ಮೊದಲು ಸಿಲಿಂಡರ್, ಪೈಪು ಎಲ್ಲ ಬಿಚ್ಚಿ ತೊಳೆಸಿ. ಹೊರಗೆ ಬಿಸಿಲು ಮಳೆಯಲ್ಲಿ ಬಿದ್ದಿದ್ದ ಸಿಲಿಂಡರಿನಿಂದ ಹಾಲು ಹಾಕಿದ ಟೀ ಬಣ್ಣದ ಎಣ್ಣೆ ಬಂದರೆ ಅದರಲ್ಲಿ ನೀರಿದೆ. ಎಣ್ಣೆ ಮಟ್ಟವನ್ನು ಯಾವಾಗಲೂ ಲೋಡರ್ ನೆಲಕ್ಕೆ ಇಳಿಸಿ ನೋಡಿ, ಎತ್ತಿಟ್ಟು ಮಟ್ಟ ನೋಡಿ ತುಂಬಿಸಿದರೆ ಇಳಿಸಿದಾಗ ಆ 2.8 ಲೀಟರ್ ವಾಪಸ್ ಬಂದು ಜಾಸ್ತಿಯಾಗುತ್ತದೆ.

ಕಂಟ್ರೋಲ್ ವಾಲ್ವ್ ಓಪನ್ ಸೆಂಟರ್ ಆಗಿರಬೇಕು. ಅಂದರೆ ಲಿವರ್ ನಡುವೆ ಇದ್ದಾಗ ಎಣ್ಣೆ ಸುಮ್ನೆ ಹಾದು ವಾಪಸ್ ಹೋಗಬೇಕು. ಕ್ಲೋಸ್ಡ್ ಸೆಂಟರ್ ವಾಲ್ವ್ ಹಾಕಿದರೆ ಎಣ್ಣೆಗೆ ದಾರಿ ಇಲ್ಲದೆ ರಿಲೀಫ್ ವಾಲ್ವ್ (ಜಾಸ್ತಿ ಒತ್ತಡ ಹೊರಗೆ ಬಿಡುವ ವಾಲ್ವ್) ಯಾವ ಹೊತ್ತೂ ಕಿರುಚುತ್ತಿರುತ್ತದೆ, ಅರ್ಧ ಗಂಟೆಯಲ್ಲಿ ಹೌಸಿಂಗ್ ಮುಟ್ಟಲಾಗದಷ್ಟು ಬಿಸಿ. ಲೋಡರ್ ಶಕ್ತಿ ಸಾಲದು ಅಂತ ರಿಲೀಫ್ ವಾಲ್ವ್ ಬಿಗಿ ಮಾಡುವವರೂ ಇದ್ದಾರೆ. ಹಾಗೆ ಮಾಡಿದರೆ ಒತ್ತಡ ಮಿತಿ ಮೀರಿ ಪಂಪ್ ಹಾಳಾಗಬಹುದು, ಪಂಪ್ ಹೋದ ಮೇಲೆ ಹಿಂದಿನ ಲಿಫ್ಟೂ ಹೋಗುತ್ತದೆ, ಎರಡಕ್ಕೂ ಒಂದೇ ಪಂಪು ತಾನೇ.

ಹಗ್ಗದ ಬಕೆಟ್ ಅಂತ ಬೇಜಾರು ಬೇಡ. ತೋಳು ಎತ್ತುವ ಸಿಲಿಂಡರ್ ಕೂಡ ಒಂದೇ ಕಡೆ ಕೆಲಸ ಮಾಡುವಂಥದ್ದಾದರೆ ಇಳಿಯುವುದು ಅದರ ತೂಕದಿಂದಲೇ, ಬಕೆಟ್ಟನ್ನು ನೆಲಕ್ಕೆ ಒತ್ತಲು ಆಗುವುದಿಲ್ಲ. ಗಟ್ಟಿ ನೆಲ ಅಗೆಯಲು ಬರುವುದಿಲ್ಲ. ಆದರೆ ಹಳೇ ಟ್ರ್ಯಾಕ್ಟರ್ ಉಳಿಯುವುದೂ ಇದರಿಂದಲೇ ಅಂತ ನನ್ನ ಅನಿಸಿಕೆ, ಒತ್ತುವ ಶಕ್ತಿ ಕೈಗೆ ಕೊಟ್ಟರೆ ಯಾರೂ ಗೊಬ್ಬರ ಎತ್ತುವುದಕ್ಕೆ ನಿಲ್ಲುವುದಿಲ್ಲ, ಬೇರು ಕೀಳಲು ಹೊರಡುತ್ತಾರೆ. ಕೊರತೆ ಇಲ್ಲ ಅಂತಲ್ಲ. ಹಗ್ಗ ಎಳೆದರೆ ಪೂರ್ತಿ ಸರಕು ಒಂದೇ ಸಲ ದೊಪ್ಪೆಂದು ಬೀಳುತ್ತದೆ, ಸ್ವಲ್ಪ ಸ್ವಲ್ಪ ಸುರಿಯುವ ಮಾತಿಲ್ಲ. ಬಕೆಟ್ಟನ್ನು ಹಿಡಿದಿಡುವ ಕೊಕ್ಕೆಯ ಮೂತಿ ಸವೆದು ದುಂಡಗಾಗಿದ್ದರೆ ತಾನಾಗಿಯೇ ಕಳಚಿಕೊಳ್ಳುತ್ತದೆ, ಅದನ್ನು ಬೆರಳಿನಲ್ಲಿ ಸವರಿ ನೋಡಿ, ಸ್ಪ್ರಿಂಗ್ ಎಳೆದು ನೋಡಿ. ಮುಂದೆ ಬೇಕಾದರೆ ಬಕೆಟ್ಟಿಗೆ ಒಂದು ಸಿಲಿಂಡರ್, ಇನ್ನೊಂದು ಲಿವರ್ ಸೇರಿಸಿಕೊಳ್ಳಬಹುದು.

ನೋಡಲು ಹೋಗುವಾಗ ಟಾರ್ಚು, ವೈರ್ ಬ್ರಶ್ಶು, ಟೇಪು, ಒಂದು ಹಾರೆ ತಗೊಂಡು ಹೋಗಿ. ಹೊಸ ಬಣ್ಣ ಕಂಡರೆ ಖುಷಿ ಪಡಬೇಡಿ. ಎರಡು ತೋಳುಗಳನ್ನು ಸೇರಿಸುವ ಅಡ್ಡ ಕೊಳವೆ ಇರುತ್ತದಲ್ಲ, ಅದು ತೋಳಿಗೆ ಸೇರುವ ವೆಲ್ಡಿಂಗ್ ಸುತ್ತ ಬ್ರಶ್ ಹಾಕಿ ಉಜ್ಜಿ, ಬಿರುಕು ಶುರುವಾಗುವುದು ಅಲ್ಲೇ. ನನಗೆ ಒಂದು ಸಲ ಬಣ್ಣದ ಕೆಳಗೆ ಅದು ಕಾಣಲಿಲ್ಲ, ತಂದ ಮೇಲೆ ಎರಡು ಮಳೆ ಬಿದ್ದಾಗ ಬಣ್ಣದ ಮೇಲೆ ಕೂದಲೆಳೆಯಂಥ ಕೆಂಪು ಗೆರೆ ಮೂಡಿತು, ಉಜ್ಜಿದರೆ ಕೊಳವೆಯ ಅರ್ಧ ಸುತ್ತಿನವರೆಗೂ ಸೀಳು. ಹಳೇ ವೆಲ್ಡಿಂಗ್ ಮೇಲೆ ದಪ್ಪಗೆ ಹೊಸ ವೆಲ್ಡಿಂಗ್, ಪಕ್ಕಕ್ಕೆ ತೇಪೆ ಪಟ್ಟಿ ಕಂಡರೆ ಯಾಕೆ ಅಂತ ಕೇಳಿ. ತೇಪೆ ಇದ್ದ ಮಾತ್ರಕ್ಕೆ ಕೆಟ್ಟದ್ದಲ್ಲ, ಚೆನ್ನಾಗಿ ಮಾಡಿದ್ದರೆ ಅದೇ ಗಟ್ಟಿ.

ಬಕೆಟ್ಟನ್ನು ಸಮತಟ್ಟಾದ ಸಿಮೆಂಟ್ ನೆಲಕ್ಕೆ ಇಳಿಸಿ. ಒಂದು ಮೂಲೆ ನೆಲ ಮುಟ್ಟಿ ಇನ್ನೊಂದು ಎರಡು ಬೆರಳು ಮೇಲಿದ್ದರೆ ತೋಳು ತಿರುಚಿದೆ ಅಥವಾ ಬುಶ್ ಒಂದು ಕಡೆ ಸವೆದಿದೆ. ಯಾವುದು ಅಂತ ಹಾರೆ ಹೇಳುತ್ತದೆ: ಪ್ರತಿ ಪಿನ್ನಿನ ಹತ್ತಿರ ಮೀಟಿ ನೋಡಿ. ಬುಶ್ ಸವೆದಿದ್ದರೆ ಹೊಸದು ಹಾಕಿಸಬಹುದು, ಅದು ದೊಡ್ಡ ವಿಷಯವಲ್ಲ. ಬುಶ್ ದಾಟಿ ತೋಳಿನ ತೂತೇ ಮೊಟ್ಟೆಯಾಕಾರ ಆಗಿದ್ದರೆ ಕೆಲಸ ಜಾಸ್ತಿ. ತೋಳೇ ತಿರುಚಿದ್ದರೆ ಬಿಟ್ಟು ಬನ್ನಿ. ಸಿಲಿಂಡರ್ ರಾಡಿನ ಮೇಲೆ ಉಗುರು ಎಳೆಯಿರಿ, ಉಗುರಿಗೆ ಸಿಕ್ಕುವ ಗುಳಿ ಇದ್ದರೆ ಹೊಸ ಸೀಲ್ ಹಾಕಿದರೂ ಬೇಗ ಹರಿಯುತ್ತದೆ. ಲೋಡರ್ ಇನ್ನೂ ಟ್ರ್ಯಾಕ್ಟರ್ ಮೇಲೆ ಇದ್ದರೆ ಭಾರ ಹಾಕಿಸಿ ಅರ್ಧ ಎತ್ತರಕ್ಕೆ ಎತ್ತಿಸಿ, ಎಂಜಿನ್ ನಿಲ್ಲಿಸಿ, ರಾಡಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹತ್ತು ನಿಮಿಷ ಬೇರೆ ಮಾತಾಡಿ, ಮತ್ತೆ ನೋಡಿ. ಸ್ವಲ್ಪ ಇಳಿಯುವುದು ಹಳೇದಕ್ಕೆ ಸಹಜ, ಕಣ್ಣೆದುರೇ ಇಳಿಯುತ್ತಿದ್ದರೆ ಸೀಲೋ ವಾಲ್ವೋ ಹೋಗಿದೆ.

ಇದೆಲ್ಲ ಮಾಡುವಾಗ ಎತ್ತಿದ ಲೋಡರ್ ಕೆಳಗೆ ತಲೆ ಹಾಕಬೇಡಿ, ಎಷ್ಟೇ ಅವಸರ ಇರಲಿ, ಕಂಬ ಕೊಟ್ಟು ನಿಲ್ಲಿಸಿದ ಮೇಲೆ ಮಾತ್ರ. ಹೋಸ್ ಎಲ್ಲಿ ಸೋರುತ್ತಿದೆ ಅಂತ ಕೈಯಲ್ಲಿ ಸವರಿ ಹುಡುಕಬೇಡಿ. ಸೂಜಿ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಗೆ ಹೋಗುತ್ತದೆ, ಹೊರಗೆ ಸಣ್ಣ ಚುಕ್ಕೆ ಕಾಣುತ್ತದೆ, ಒಳಗೆ ಬೆರಳೇ ಕೊಳೆಯುತ್ತದೆ. ಹಾಗೇನಾದರೂ ಆದರೆ ನೋವಿಲ್ಲ ಅಂತ ಕಾಯದೆ ಆ ಗಂಟೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ. ಓಡಿಸುವಾಗ ಬಕೆಟ್ ಮೊಣಕಾಲಿಗಿಂತ ಕೆಳಗೆ ಇರಲಿ. ಹುಲ್ಲಿನ ದುಂಡು ಬೇಲ್ ಮಾತ್ರ ಈ ಬಕೆಟ್ಟಿನಲ್ಲಿ ಎತ್ತಲೇಬೇಡಿ, ತೋಳು ಮೇಲೆ ಹೋದಾಗ ಅದು ಹಿಂದಕ್ಕೆ ಉರುಳಿ ಬರುವುದು ಸೀದಾ ನಿಮ್ಮ ಮೇಲೆ, 135ರಲ್ಲಿ ತಡೆಯಲು ಎದುರಿಗೆ ಏನೂ ಇಲ್ಲ.

ಚಿಕ್ಕ ಲೋಡರ್‌ಗೆ ಹಿಂದಿನ ಕಾಲುಗಳು ಇವೆ, ಅಡ್ಡ ಕೊಳವೆ ಸೀಳಿಲ್ಲ, ತೋಳು ನೇರ ಇದೆ ಅಂದರೆ ಹೋಸು, ಸೀಲು, ಬುಶ್ಶು ಎಲ್ಲ ಹಾಳಾಗಿದ್ದರೂ ಪರವಾಗಿಲ್ಲ, ತಗೊಳ್ಳಿ. ಅವೆಲ್ಲ ಬದಲಾಯಿಸುವ ಸಾಮಾನು. ಬಿಚ್ಚಿಟ್ಟ ಬೋಲ್ಟುಗಳನ್ನು ಡಬ್ಬದಲ್ಲಿ ಹಾಕಿ ಕೊಟ್ಟರೆ ಅಳತೆಗೆ ಮಾತ್ರ ಇಟ್ಟುಕೊಂಡು, ಬ್ರಾಕೆಟ್ಟಿಗೆ ಹೈ ಟೆನ್ಸೈಲ್ (ಹೆಚ್ಚು ಎಳೆತ ತಡೆಯುವ) ಬೋಲ್ಟ್ ಹೊಸದು ಹಾಕಿ. ಮೊದಲ ದಿನ ಬರೀ ಗೊಬ್ಬರ ಎತ್ತಿ, ಮರಳು ಬೇಡ. ಸಂಜೆ ಒಂದು ಸಲ, ಹತ್ತು ಗಂಟೆ ಕೆಲಸ ಆದ ಮೇಲೆ ಇನ್ನೊಂದು ಸಲ ಎಲ್ಲ ಬೋಲ್ಟಿಗೂ ಸ್ಪ್ಯಾನರ್ ಇಟ್ಟು ನೋಡಿ, ಕ್ಲಚ್ ಹೌಸಿಂಗ್ ಕೆಳಗಿನವಕ್ಕೆ ಮೊದಲು.